ಕಂಬ ಏರಿದವನ ಫೋನು

ನನ್ನ ಮೇಜಿನ ಮೇಲೆ ಈಗ ಒಂದು ಪ್ಲಾಸ್ಟಿಕ್ ಟೊಮ್ಯಾಟೋ ಕುಳಿತಿದೆ. ಗಾಬರಿಯಾಗಬೇಡಿ, ಅದೊಂದು ಗಡಿಯಾರ. ಹೊಟ್ಟೆ ಹಿಡಿದು ತಿರುವಿಬಿಟ್ಟರೆ ಕಿರಕಿರ ಎನ್ನುತ್ತ ಹಿಂದಕ್ಕೆ ಓಡಿ, ಕೊನೆಗೆ ಟ್ರಿಣ್ ಎಂದು ಹೊಡೆದುಕೊಳ್ಳುತ್ತದೆ. ಹೋದ ತಿಂಗಳು ಶಿಗ್ಗಾಂವದಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ವಿಷಯ, ಕೆಲಸದ ಒತ್ತಡದ ನಡುವೆ ಸಮಯ ನಿರ್ವಹಣೆ ಮತ್ತು ಏಕಾಗ್ರತೆ. ಬಂದವರಿಗೆಲ್ಲ ಒಂದೊಂದು ಚೀಲ ಕೊಟ್ಟರು. ಚೀಲದೊಳಗೆ ಪೆನ್ನು, ನೀರಿನ ಬಾಟಲಿ, ಮತ್ತು ಈ ಟೊಮ್ಯಾಟೋ. ನನ್ನ ಹೆಂಡತಿ ಮಾಸೂರಿನವಳು, ಹೊಲದಲ್ಲಿ ದುಡಿದು ಬೆಳೆದವಳು. ಅದನ್ನು ಎರಡೂ ಕೈಯಿಂದ ಹಿಚುಕಿ ನೋಡಿ, "ಇದು ಸಾರಿಗೂ ಬರೂದಿಲ್ಲ, ಚಟ್ನಿಗೂ ಬರೂದಿಲ್ಲ. ಒಯ್ದು ನಿಮ್ಮ ಡ್ಯೂಟಿ ಮ್ಯಾಲ ಇಟ್ಕೋರಿ" ಎಂದಳು. ತಂದು ಇಟ್ಟುಕೊಂಡಿದ್ದೇನೆ.

ತರಬೇತಿ ಕೊಟ್ಟ ಹುಡುಗ ಒಳ್ಳೆಯವನು. ನಮ್ಮನ್ನು ನಗಿಸಿದ, ಜೋರು ಮಾಡಲಿಲ್ಲ. ಟೊಮ್ಯಾಟೋ ತಿರುವಿ ಇಡಿ, ಅದು ಹೊಡೆಯುವ ತನಕ ಕೈಯಲ್ಲಿದ್ದ ಒಂದೇ ಕೆಲಸ ಮಾಡಿ, ಫೋನು ಇನ್ನೊಂದು ಕೋಣೆಯಲ್ಲಿರಲಿ ಎಂದ. ಅವನು ಹಾಗೆ ಹೇಳುತ್ತಿರುವಾಗಲೇ ಸಭಾಭವನದ ನಾಲ್ಕೂ ಮೂಲೆಯಿಂದ ಫೋನುಗಳು ಹೊಡೆದುಕೊಳ್ಳತೊಡಗಿದವು. ಒಂದರಲ್ಲಿ ಭಜನೆ, ಒಂದರಲ್ಲಿ ಡೊಳ್ಳು, ಒಂದರಲ್ಲಿ ಕೋಳಿ ಕೂಗು. ದಯವಿಟ್ಟು ಬಂದ್ ಮಾಡಿ ಎಂದು ಅವನು ಕೈಮುಗಿದಾಗ ಹಿಂದಿನ ಸಾಲಿನ ಲೈನ್‌ಮನ್ ಒಬ್ಬ ಎದ್ದು ನಿಂತು, "ಸರ್, ಇದನ್ನ ಬಂದ್ ಮಾಡಿದ್ರ ಸಂಜಿಗೆ ನಮ್ಮನ್ನ ಬಂದ್ ಮಾಡ್ತಾರ್ರಿ" ಎಂದ. ಇಡೀ ಸಭೆ ಹೋ ಎಂದು ನಕ್ಕಿತು. ಹುಡುಗನೂ ನಕ್ಕ. ನನಗೆ ಮಾತ್ರ ಫಕೀರಪ್ಪ ನೆನಪಾದ.

ಮೊದಲೇ ಹೇಳಿಬಿಡುತ್ತೇನೆ, ಫಕೀರಪ್ಪ ಈಗ ಇಲ್ಲ. ಕೆಲವು ವರ್ಷಗಳ ಹಿಂದೆ ಕಂಬದ ಮೇಲೆ ಸತ್ತ. ಅವನು ಹೇಗೆ ಬದುಕಿದ್ದ, ಆಮೇಲೆ ಹೇಗೆ ಸತ್ತ ಎನ್ನುವುದನ್ನೇ ನಾನೀಗ ಹೇಳಹೊರಟಿದ್ದು. ಟೊಮ್ಯಾಟೋ ನೋಡಿ ಇದೇನೋ ನಗೆಯ ಬರಹ ಎಂದುಕೊಂಡವರು ಇಲ್ಲಿಯೇ ಎದ್ದು ಹೋದರೂ ನನಗೆ ಬೇಸರವಿಲ್ಲ. ಕೂರುವವರು ಸ್ವಲ್ಪ ಹತ್ತಿರ ಬಂದು ಕೂರಿ, ನನ್ನ ದನಿ ಈಚೆಗೆ ಸಣ್ಣದಾಗಿದೆ.

ನಾನು ಹಾನಗಲ್ಲ ತಾಲೂಕಿನ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಊರ ಹೆಸರು ಬೇಡ, ಯಾರನ್ನೂ ಕಟಕಟೆಗೆ ನಿಲ್ಲಿಸುವ ಉದ್ದೇಶ ನನಗಿಲ್ಲ. ನಮ್ಮ ಸ್ಟೇಷನ್ನಿನಿಂದ ನಾಲ್ಕು ದಿಕ್ಕಿಗೆ ಕರೆಂಟಿನ ಲೈನುಗಳು ಹೊರಡುತ್ತವೆ. ಅವನ್ನು ನಾವು ಫೀಡರ್ ಎನ್ನುತ್ತೇವೆ. ಒಂದು ಕೆರೆಯ ಕಡೆ ಗದ್ದೆಗಳ ಪಂಪುಗಳಿಗೆ ಹೋಗುತ್ತದೆ, ಒಂದು ಊರಿಗೆ, ಹೀಗೆ. ಲೈನಿನಲ್ಲಿ ಏನಾದರೂ ಕೆಟ್ಟರೆ ಲೈನ್‌ಮನ್ ನನಗೆ ಫೋನು ಮಾಡಿ ಆ ಫೀಡರ್ ಬಂದ್ ಮಾಡಿಸುತ್ತಾನೆ. ಅದಕ್ಕೆ ಲೈನ್ ಕ್ಲಿಯರ್, ಗಡಿಬಿಡಿಯಲ್ಲಿ ಎಲ್‌ಸಿ. ಕೆಲಸ ಮುಗಿಸಿ ಕೆಳಗಿಳಿದು ಅವನೇ ಎಲ್‌ಸಿ ವಾಪಸ್ ಕೊಡಬೇಕು. ಆಮೇಲೆಯೇ ನಾನು ಲೈನು ಬಿಡಬೇಕು. ನನ್ನ ಕೆಲಸ ಇಷ್ಟೇ. ಫ್ಯಾನಿನ ಕೆಳಗೆ ಕುರ್ಚಿ, ಎದುರಿಗೆ ಮೀಟರುಗಳ ಮುಳ್ಳು, ಕೈಗೆ ಸಿಗುವಂತೆ ಸ್ವಿಚ್ಚು. ಕೂತು ಕೂತು ನನ್ನ ಹೊಟ್ಟೆ ಮೇಜಿಗೆ ಹತ್ತಿದೆ. ಬಿಸಿಲಲ್ಲಿ ಸಾಯುವವರು ಬೇರೆ, ನೆರಳಲ್ಲಿ ಬೆವರುವವರು ಬೇರೆ. ನಾನು ಎರಡನೆಯವನು.

ಫಕೀರಪ್ಪ ಹಿರೇಕೆರೂರು ಕಡೆಯವನು. ಬಡಕಲು ಆಳು, ಉದ್ದ ಕೈ. ನಗುವಾಗ ಒಂದೇ ಕಡೆ ನಗುತ್ತಿದ್ದ. ನಾನು ಅವನ ಮುಖ ನೋಡಿದ್ದಕ್ಕಿಂತ ಅವನ ದನಿ ಕೇಳಿದ್ದೇ ಹೆಚ್ಚು, ನಮ್ಮ ಗೆಳೆತನವೆಲ್ಲ ತಂತಿಯ ಮೇಲೆ ನಡೆದದ್ದು. ಒಮ್ಮೆ ನಮ್ಮ ಸ್ಟೇಷನ್ನಿನ ಎದುರಿನ ಕಂಬಕ್ಕೇ ಕೆಲಸಕ್ಕೆ ಬಂದಾಗ ಕಿಟಕಿಯಿಂದ ನೋಡಿದೆ. ಬೈಕು ನಿಲ್ಲಿಸಿದ. ಕಿಸೆಯಿಂದ ಫೋನು ತೆಗೆದು ಬೈಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಕಂಬದ ಬುಡಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ಮೇಲಕ್ಕೆ ನೋಡುತ್ತ ನಿಂತ. ನಿಂತ, ನಿಂತ, ನಿಂತೇ ಇದ್ದ. ತಂತಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಅವನ ಮೋರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗುತ್ತಿತ್ತು. ಪಕ್ಕದಲ್ಲಿದ್ದ ರೈತನಿಗೆ ತಾಳ್ಮೆ ಕೆಟ್ಟಿತು.

"ಏನ್ರಿ, ಕಾಗಿ ಎಣಸಾಕತ್ತೀರೇನು? ಏರ್ರಿ ಲಗೂನ, ಸಸಿ ಒಣಗಾಕತ್ತಾವು."

"ಏರ್ತೇನಪಾ. ಮೊದಲ ಕಣ್ಣು ಏರ್ಲಿ, ಆಮ್ಯಾಲ ಕಾಲು ಏರ್ತಾವು."

ಆಮೇಲೆ ಹತ್ತಿದ. ಹತ್ತಿದ ಮೇಲೆ ಅವನಿಗೆ ಕೆಳಗಿನ ಜಗತ್ತು ಇರಲಿಲ್ಲ. ಪೆಟ್ಟಿಗೆಯೊಳಗೆ ಫೋನು ಬಡಿದುಕೊಂಡಿತು, ರೈತ ಕೂಗಿದ, ಬಸ್ಸು ಹಾರ್ನು ಹೊಡೆಯಿತು. ಅವನು ತಿರುಗಲೇ ಇಲ್ಲ. ನಾನು ಚಹಾ ಕುಡಿಯುತ್ತ ಪೇಪರಿನ ಮೊದಲ ಸಾಲನ್ನು ಮೂರನೆಯ ಸಲ ಓದುತ್ತಿದ್ದೆ. ನನ್ನ ಮನಸ್ಸು ಎಂದೂ ಒಂದು ಕಡೆ ನಿಂತದ್ದಲ್ಲ. ನಮ್ಮವ್ವ ನಾನು ಸಣ್ಣವನಿದ್ದಾಗಲೇ, "ಇವನ ಚಿತ್ತ ಹುರಿಯೂ ಬಾಣಲೀನ್ಯಾಗಿನ ಜ್ವಾಳ ಆಗೇತಿ" ಎನ್ನುತ್ತಿದ್ದಳು.

ಈಗ ನಮ್ಮಿಬ್ಬರ ನಡುವೆ ಇದ್ದ ಒಂದು ರೂಢಿ ಹೇಳಬೇಕು. ಇದು ಯಾವ ನಿಯಮದಲ್ಲೂ ಇಲ್ಲ. ಒಮ್ಮೆ ಫಕೀರಪ್ಪ ಎಲ್‌ಸಿ ತೆಗೆದುಕೊಂಡು ಕಂಬ ಹತ್ತಿದ್ದಾಗ ಪೆಟ್ಟಿಗೆ ಬೀಗ ಹಾಕುವುದನ್ನು ಮರೆತಿದ್ದ. ಕೆಳಗೆ ಕಾಯುತ್ತಿದ್ದ ಗದ್ದೆಯ ಮಾಲಕ, ಕೆಲಸ ಆದಂಗೆ ಕಂಡಿತು ಎಂದುಕೊಂಡು, ಆ ಫೋನು ತೆಗೆದು ನನಗೆ ಹಚ್ಚಿದ. ನಂಬರು ಫಕೀರಪ್ಪನದೇ. "ಕೆಲಸ ಆತ್ರಿ, ಲೈನ್ ಬಿಡ್ರಿ" ಎಂದಿತು ದನಿ. ದನಿ ಯಾಕೋ ದಪ್ಪ ಅನ್ನಿಸಿ ನಾನು, "ಯಾರ್ರಿ ನೀವು?" ಎಂದೆ. "ನಾನs ಅದೇನ್ರಿ, ಬಿಡ್ರಿ" ಎಂದ. ಬಿಡಲಿಲ್ಲ. ಆ ಮನುಷ್ಯ ಕೆಟ್ಟವನಲ್ಲ, ಗಡಿಬಿಡಿಯವನು, ಅಷ್ಟೆ. ಮರುದಿನ ಫಕೀರಪ್ಪ ಸ್ಟೇಷನ್ನಿಗೆ ಬಂದು ನೆಲದ ಮೇಲೆ ಕೂತ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸಾಹೇಬ್ರ, ಒಂದ್ ಮಾತು. ನಾ ಎಲ್‌ಸಿ ತಗೊಳ್ಳಾಗ ಮುಂಜಾನೆ ಏನ್ ತಿಂದೇನಿ ಅಂತ ನೀವು ಕೇಳ್ರಿ. ಹೇಳ್ತೇನಿ. ವಾಪಸ್ ಕೊಡಾಗ ಅದನ್ನs ತಿರುಗಿ ನನ್ನ ಬಾಯಿಂದ ಕೇಳ್ರಿ. ಕೇಳೂತನಕ, ದೇವರು ಬಂದು ಲೈನ್ ಬಿಡು ಅಂದ್ರೂ ಬಿಡಬ್ಯಾಡ್ರಿ."

"ಹೊಟ್ಟಿ ವಿಚಾರ ಯಾಕಪಾ? ಬ್ಯಾರೆ ಏನರ ಇಟ್ಕೊಳ್ಳೂಣು."

"ನನ್ನ ಹೊಟ್ಯಾಗ ಏನೈತಿ ಅಂತ ನನಗs ಗೊತ್ತು. ಬ್ಯಾರೇದಾವ ಹೆಂಗ ಹೇಳ್ತಾನ್ರಿ?"

ಹಾಗೆ ಶುರುವಾಯಿತು. ಅದೆಷ್ಟು ವರ್ಷ ನಡೆಯಿತೋ. ಕೇಳಿದವರು ನಮ್ಮನ್ನು ಹುಚ್ಚರು ಎನ್ನುತ್ತಿದ್ದರು. ಒಬ್ಬ ಮೇಲಿನ ಸಾಹೇಬರು ಸ್ಟೇಷನ್ನಿಗೆ ಬಂದಾಗ ನಾನು ಗಂಭೀರವಾಗಿ ಫೋನಿನಲ್ಲಿ, "ಪುಂಡಿಪಲ್ಲೆ ಅಂದಿದ್ದಿ, ಈಗ ಮತ್ತ ಬರೇ ಪಲ್ಲೆ ಅಂದ್ರ ಹೆಂಗ? ಯಾವ ಪಲ್ಲೆ ಹೇಳು" ಎಂದು ಜಗಳಾಡುತ್ತಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಹೇಳಿ ತಿಳಿಸಿದ ಮೇಲೆ ತಲೆ ಕೆರೆದುಕೊಂಡು ಹೋದರು.

ಇದರಿಂದ ಆದ ಇನ್ನೊಂದು ಸಂಗತಿ ಎಂದರೆ, ನೋಡದೇ ಇದ್ದ ಒಂದು ಮನೆಯ ಅಡಿಗೆ ನನಗೆ ಪರಿಚಯವಾಗಿಬಿಟ್ಟಿತು. ಫಕೀರಪ್ಪನ ಹೆಂಡತಿ ನೀಲವ್ವನ ಮುಖ ಕಂಡಿರಲಿಲ್ಲ. ಆದರೆ ಸೋಮವಾರ ಅವಳು ಒಪ್ಪತ್ತು ಎನ್ನುವುದು ಗೊತ್ತು, ಅವಳ ಝುಣಕದಲ್ಲಿ ಬೆಳ್ಳುಳ್ಳಿ ಮುಂದು ಎನ್ನುವುದು ಗೊತ್ತು, ಮುಂಜಾನೆ ಜಗಳವಾದರೆ "ಚಹಾ ಅಷ್ಟs ರಿ" ಎಂಬ ಉತ್ತರ ಬರುತ್ತದೆ ಎನ್ನುವುದೂ ಗೊತ್ತು. ಒಂದು ಸಲ ಸವಣೂರಿಗೆ ಮದುವೆಗೆ ಹೋಗಿ ಬಂದವನು ನಾಲ್ಕು ದಿನ ಸತತ "ಸವಣೂರ ಖಾರ" ಎಂದ. ಅದನ್ನೇ ಮುಂಜಾನೆ ತಿನ್ನುತ್ತಾರೇನೋ ಎಂದು ಬೈದೆ. "ಭಾಳ ಕಟ್ಟಿಸ್ಕೊಂಡು ಬಂದೇನ್ರಿ, ಮುಗೀಲಿ" ಎಂದ. ನನ್ನ ಹೆಂಡತಿ ಇದನ್ನೆಲ್ಲ ಕೇಳಿ ಉರಿದುಕೊಳ್ಳುತ್ತಿದ್ದಳು. "ಮಂದಿ ಮನಿ ಪಲ್ಲೆ ನೆನಪಿರ್ತೈತಿ. ನಿನ್ನೆ ನಾ ಏನ್ ಮಾಡಿದ್ದೆ, ಹೇಳ್ರಿ ನೋಡೂಣು" ಎನ್ನುವಳು. ನನಗೆ ನೆನಪಿರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ಬರಹವನ್ನು ಇಲ್ಲಿಗೇ ಮುಗಿಸಿ, ಟೊಮ್ಯಾಟೋದ ಹುಡುಗನಿಗೆ ಒಂದು ಪ್ರತಿ ಕಳಿಸುತ್ತಿದ್ದೆ. ನೋಡಪ್ಪ, ಏಕಾಗ್ರತೆ ಎಂದರೆ ಹೀಗೆ, ನಮ್ಮ ಹಳ್ಳಿಯ ಫಕೀರಪ್ಪ ಎಂದು. ಆದರೆ ಹಾಗಾಗಲಿಲ್ಲ.

ಹೇಗೆ ಕೆಟ್ಟಿತು ಎಂದು ಒಂದು ದಿನ ಹಿಡಿದು ತೋರಿಸಲಾರೆ. ಪಕ್ಕದ ಊರಿನ ಲೈನ್‌ಮನ್ ನಿವೃತ್ತನಾದ, ಅವನ ಜಾಗಕ್ಕೆ ಯಾರೂ ಬರಲಿಲ್ಲ. "ಸ್ವಲ್ಪ ದಿನ ನೋಡಿಕೋ" ಎಂದು ಅವನ ಊರುಗಳನ್ನೂ ಫಕೀರಪ್ಪನಿಗೆ ಹಚ್ಚಿದರು. ಸ್ವಲ್ಪ ದಿನ ಎನ್ನುವುದು ಮುಗಿಯಲೇ ಇಲ್ಲ. ಆಮೇಲೆ ಅವನ ಫೋನ್ ನಂಬರನ್ನು ಎಲ್ಲ ಊರಿನ ಗೋಡೆಗೂ ಬರೆಸಿದರು. ಜನಕ್ಕೆ ಅನುಕೂಲವಾಗಲಿ ಎಂದು ಮಾಡಿದ್ದು, ಅನುಕೂಲವೂ ಆಯಿತು. ಆಮೇಲೆ ತಕರಾರು ಬಂದರೆ ಇಷ್ಟು ಹೊತ್ತಿನಲ್ಲಿ ಮುಗಿಯಬೇಕು ಎಂದು ಮೊಬೈಲಿನಲ್ಲಿ ಕೆಂಪು ಅಕ್ಷರ ತೋರಿಸುವ ವ್ಯವಸ್ಥೆ ಬಂತು. ಆಮೇಲೆ ಗ್ರೂಪುಗಳು. ಊರಿನ ಗ್ರೂಪು, ಆಫೀಸಿನ ಗ್ರೂಪು, ರೈತರ ಗ್ರೂಪು. ಯಾವುದಕ್ಕೆ ಉತ್ತರ ಕೊಡದಿದ್ದರೂ ಯಾರಿಗೋ ಸಿಟ್ಟು. ಒಂದು ಮೀಟಿಂಗಿನಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, ಫೋನ್ ಯಾಕೆ ಎತ್ತುವುದಿಲ್ಲ ಎಂದು ಎಲ್ಲರ ಎದುರಿಗೆ ಕೇಳಿದರು. ಪೆಟ್ಟಿಗೆಯಲ್ಲಿ ಇಟ್ಟಿರುತ್ತೇನೆ ಎಂದನಂತೆ. ನಕ್ಕರಂತೆ. ಅಂದಿನಿಂದ ಫೋನು ಅಂಗಿಯ ಕಿಸೆಗೆ ಬಂತು, ಅವನ ಸಂಗಡ ಕಂಬ ಹತ್ತಿತು.

ಅವನ ದನಿಯಲ್ಲೇ ನನಗೆ ಗೊತ್ತಾಗುತ್ತಿತ್ತು. ಮೊದಲು ಎಲ್‌ಸಿ ಕೇಳುವಾಗ ಊರಿನ ಸುದ್ದಿ, ಮಗಳ ಸಾಲಿಯ ಸುದ್ದಿ, ಮಳೆಯ ಸುದ್ದಿ ಎಲ್ಲ ಬರುತ್ತಿದ್ದವು. ಈಗ ಫೀಡರಿನ ಹೆಸರು, ತಿಂಡಿಯ ಹೆಸರು, ಕಟ್. ನಡುವೆ ಇನ್ನೊಂದು ಫೋನು ಬರುವ ಪೀಂ ಪೀಂ ಸದ್ದು ಯಾವಾಗಲೂ ಇರುತ್ತಿತ್ತು.

"ಫಕೀರಪ್ಪ, ಕಂಬ ನೋಡಿ ಏರಾಕತ್ತೀಯಿಲ್ಲೋ?"

"ನೋಡ್ತೇನ್ರಿ. ಹೊತ್ತs ಇಲ್ಲ ಸಾಹೇಬ್ರ. ಕಣ್ಣು ಕಾಲು ಎರಡೂ ಕೂಡೇ ಏರಸ್ತೇನೀಗ" ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ. ನಗದೆ ಏನು ಮಾಡಬೇಕಿತ್ತು, ನೀವೇ ಹೇಳಿ. ನಾನು ಮೇಲಿನವರಿಗೆ ಹೇಳಿದೆ, ಫಕೀರಪ್ಪನೂ ಹೇಳಿದ. ಅವರು ಅವರ ಮೇಲಿನವರಿಗೆ ಹೇಳಿದರು. ಎಲ್ಲರೂ ಎಲ್ಲರಿಗೂ ಹೇಳಿದ್ದಾಯಿತು. ಆದರೆ ಆಳು ಬರಲಿಲ್ಲ.

ಆ ದಿನದ ಹಿಂದಿನ ಸಂಜೆ ಅಡ್ಡಮಳೆ ಗಾಳಿ ಹೊಡೆದು ಸುತ್ತಲಿನ ಊರುಗಳಲ್ಲೆಲ್ಲ ಕೊಂಬೆ ಬಿದ್ದು, ತಂತಿ ಕಡಿದು, ಹೇಳಬಾರದ ಅವಾಂತರವಾಗಿತ್ತು. ಬೆಳಕು ಹರಿಯುವ ಮೊದಲೇ ಫಕೀರಪ್ಪ ಮನೆ ಬಿಟ್ಟಿದ್ದ. ಮುಂಜಾನೆ ಬಿಸಿಲು ಏರುವ ಹೊತ್ತಿಗೆ ನನಗೆ ಫೋನು ಬಂತು. ಕೆರೆ ಫೀಡರ್ ಬಂದ್ ಮಾಡ್ರಿ ಎಂದ. ಬಂದ್ ಮಾಡಿದೆ, ಕೆಂಪು ಫಲಕ ತೂಗುಹಾಕಿದೆ.

"ಏನ್ ತಿಂದಿ?"

"ರೊಟ್ಟಿ, ಹೆಸರಬ್ಯಾಳಿ ಪಲ್ಲೆ."

ಅವನು ನನಗೆ ಆಡಿದ ಕಡೆಯ ಮಾತು ಅದು.

ಆಮೇಲೆ ಆದದ್ದನ್ನು ನಾವು ಅವರಿವರಿಂದ ಕೂಡಿಸಿಕೊಂಡೆವು. ಫೋನು ಕಿಸೆಗೆ ಹಾಕಿ ಅವನು ಕೆರೆಯ ಕಡೆ ಹೊರಟ. ದಾರಿಯಲ್ಲಿ ಮತ್ತೆ ಫೋನು. ಹಾಗೇ ಹೋಗುವಾಗ ಊರಾಚೆಯ ಕಂಬದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರು, ನೋಡಿ ಹೋಗು, ದೊಡ್ಡ ಕೆಲಸವಲ್ಲ ಎಂದು. ಇಳಿದ. ಇಳಿಯುವಾಗ ಇನ್ನೊಂದು ಫೋನು. ಅದರಲ್ಲಿ ಮಾತಾಡುತ್ತಲೇ ಕಂಬದ ಬುಡಕ್ಕೆ ಹೋದ. ಆ ಟಿಸಿ ಕೆರೆ ಫೀಡರಿನದಲ್ಲ, ಊರ ಫೀಡರಿನದು. ಅವನಿಗೆ ಅದು ಗೊತ್ತಿಲ್ಲದ್ದೇನಲ್ಲ, ಕತ್ತಲಲ್ಲಿ ಕೈಯಾಡಿಸಿ ಹೇಳುವಷ್ಟು ಗೊತ್ತು. ಆದರೆ ತಲೆಯಲ್ಲಿ 'ಎಲ್‌ಸಿ ತಗೊಂಡೇನಿ' ಎನ್ನುವುದೊಂದು ಕೂತಿತ್ತು. ಯಾವುದರದು ಎನ್ನುವುದು ಆ ಎರಡು ಫೋನುಗಳ ನಡುವೆ ಎಲ್ಲೋ ಉದುರಿ ಹೋಗಿತ್ತು. ಬುಡದಲ್ಲಿ ನಿಂತು ಮೇಲಕ್ಕೆ ನೋಡಿದ್ದರೆ ಕಾಣುತ್ತಿತ್ತು. ಅವನು ನೋಡಲಿಲ್ಲ ಎಂದು ಅಲ್ಲಿದ್ದ ಹೆಣ್ಣುಮಗಳು ಹೇಳಿದಳು. ಮಾತು ಮುಗಿಸಿ, ಫೋನು ಕಿಸೆಗೆ ಸೇರಿಸುತ್ತ ಹತ್ತಿದನಂತೆ.

ಊರ ಫೀಡರಿನ ಮೀಟರಿನ ಮುಳ್ಳು ನನ್ನ ಎದುರಿಗೇ ಇತ್ತು. ಅದು ಅಲುಗಿದ್ದನ್ನು ನಾನು ಕಾಣಲಿಲ್ಲ. ಅಷ್ಟು ಊರುಗಳಿಗೆ ಹರಿಯುವ ಕರೆಂಟಿನಲ್ಲಿ ಒಬ್ಬ ಮನುಷ್ಯ ಮುಳ್ಳಿಗೆ ತಾಗುವುದಿಲ್ಲ.

ಆಗ ನಾನು ಏನು ಮಾಡುತ್ತಿದ್ದೆ ಗೊತ್ತೇ? ಕೆರೆ ಫೀಡರನ್ನು ಕಾಯುತ್ತಿದ್ದೆ. ಗದ್ದೆಯವರು ಒಬ್ಬರಾದ ಮೇಲೆ ಒಬ್ಬರು ಫೋನು ಮಾಡಿ, "ಏನ್ರಿ ಸಾಹೇಬ್ರ, ನಿದ್ದಿ ಹತ್ತೇತೇನು? ಲೈನ್ ಬಿಡ್ರಿ" ಎಂದು ಒದರುತ್ತಿದ್ದರು. ನಾನು ಎದೆ ಉಬ್ಬಿಸಿಕೊಂಡು, "ನನ್ನ ಲೈನ್‌ಮನ್ ಹೇಳೂತನಕ ಬಿಡೂದಿಲ್ಲ. ಏನ್ ಮಾಡ್ಕೋತೀರಿ ಮಾಡ್ಕೋರಿ" ಎನ್ನುತ್ತಿದ್ದೆ. ಹೆಸರಬೇಳೆ ಪಲ್ಲೆ ಎಂಬ ಮಾತಿಗಾಗಿ ಕಾದೆ. ಕಂಬದ ಮೇಲಿನವನಿಗೆ ನಾನಾಗಿ ಫೋನು ಮಾಡಬಾರದು ಎನ್ನುವುದೂ ನಮ್ಮ ರೂಢಿಯೇ ಆಗಿತ್ತು, ಮಾಡಲಿಲ್ಲ. ಯಾವ ತಂತಿಯನ್ನು ಅವನು ಮುಟ್ಟಿರಲೇ ಇಲ್ಲವೋ ಅದನ್ನು ಜೀವದಂತೆ ಕಾಪಾಡಿಕೊಂಡು ಕುಳಿತಿದ್ದೆ.

ಒಬ್ಬ ಬೈಕಿನ ಮೇಲೆ ಬಂದು, "ನಿಮ್ಮ ಲೈನ್‌ಮನ್ ಊರಾಚಿ ಕಂಬದ ಮ್ಯಾಲ ಹ್ವಾದ್ರಿ" ಎಂದ. ನಾನು ಅವನ ಮೇಲೆ ರೇಗಿದೆ. "ಏನ್ ಮಾತಾಡ್ತಿ ನೀನು? ಅವ ಕೆರಿ ಕಡೆ ಅದಾನ. ಬಾ ಇಲ್ಲೆ, ನೋಡು, ಬಂದ್ ಐತಿ! ನಾನs ಬಂದ್ ಮಾಡೇನಿ!" ಎಂದು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೆಂಪು ಫಲಕ ತೋರಿಸಿದೆ. ಆ ಮನುಷ್ಯ ಫಲಕ ನೋಡಿದ, ನನ್ನನ್ನು ನೋಡಿದ. ಆ ದಿನ ಕೆರೆ ಫೀಡರ್ ಬಿಡಲು ನನ್ನ ಕೈ ಏಳಲಿಲ್ಲ. ಪಾಳಿ ಬದಲಾದ ಮೇಲೆ ಬಂದವರು ಬಿಟ್ಟರು.

ಮಾತಾಡಿಸಿಕೊಂಡು ಬರಲು ಅವನ ಮನೆಗೆ ಹೋದಾಗ ನೀಲವ್ವನನ್ನು ಮೊದಲ ಸಲ ಕಂಡೆ. ಗೋಡೆಗೆ ಒರಗಿ ಕೂತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ತಲೆಯೆತ್ತಿದಳು.

"ಏನ್ ತಿಂದಿ ಅಂತ ಕೇಳ್ತಿದ್ದ ಅಣ್ಣಾರು ನೀವs ಏನ್ರಿ?"

"ಹೌದವ್ವ."

"ಅವತ್ತ ಏನಂದ್ರು?"

"ರೊಟ್ಟಿ, ಹೆಸರಬ್ಯಾಳಿ ಪಲ್ಲೆ ಅಂದ."

ಅವಳು ಒಲೆಯ ಕಡೆ ನೋಡಿದಳು. ಆಮೇಲೆ, "ತಿನ್ನಲಿಲ್ರಿ. ಪಲ್ಲೆ ಮಾಡಿದ್ದೆ, ರೊಟ್ಟಿ ಬಡದಿದ್ದೆ, ತಾಟಿಗೆ ಹಾಕಿ ಕೊಟ್ಟಿದ್ದೆ. ತುತ್ತು ಮುರಿಯಾಗ ಫೋನ್ ಬಂತು. ತಾಟು ಹಂಗs ಸರಿಸಿ ಎದ್ದು ಹ್ವಾದ್ರು. ನಾ ಅದರ ಮ್ಯಾಲ ಬುಟ್ಟಿ ಮುಚ್ಚಿಟ್ಟಿದ್ದೆ, ಬಂದು ತಿಂತಾರಂತ" ಎಂದಳು.  ನಾನು ದೊಡ್ಡವನು, ಎರಡು ಮಾತು ಸಮಾಧಾನ ಹೇಳಬೇಕಾದವನು. ಟವಲು ಬಾಯಿಗಿಟ್ಟುಕೊಂಡು ಅತ್ತೆ.

ಯಾರು ಫೋನು ಮಾಡಿದ್ದು ಎಂದು ಆಮೇಲೆ ಎಲ್ಲರೂ ಕೇಳಿದರು. ಉತ್ತರ ಸಿಗಲಿಲ್ಲ ಎಂದಲ್ಲ, ತೀರಾ ಹೆಚ್ಚು ಸಿಕ್ಕಿತು. ಊರಿನ ಅರ್ಧ ಜನ ಮಾಡಿದ್ದರು. ಬಾಣಂತಿಯ ಮನೆಯಲ್ಲಿ ಕತ್ತಲಿದೆ ಎಂದು ಒಬ್ಬರು, ಸಸಿಗೆ ನೀರಿಲ್ಲ ಎಂದು ಒಬ್ಬರು, ಹಿಟ್ಟಿನ ಗಿರಣಿ ನಿಂತಿದೆ ಎಂದು ಒಬ್ಬರು. ಆಫೀಸಿನ ತಕರಾರು ವಿಭಾಗದಿಂದ ಸಾಲುಸಾಲು. ಯಾವುದೂ ಸುಳ್ಳು ತಕರಾರಲ್ಲ, ಎಲ್ಲರಿಗೂ ನಿಜವಾದ ಅವಸರವಿತ್ತು. ನನಗೆ ಬೈಯಲು ಒಬ್ಬ ಮನುಷ್ಯ ಬೇಕಾಗಿತ್ತು, ಅದೇ ಸಿಗಲಿಲ್ಲ. ರಾಕ್ಷಸನೊಬ್ಬ ಇದ್ದಿದ್ದರೆ ಹಾಳಾಗಿ ಹೋಗು ಎಂದು ಶಪಿಸಿ ನಿದ್ದೆಯನ್ನಾದರೂ ಮಾಡುತ್ತಿದ್ದೆ.

ನೀಲವ್ವ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅನುಕಂಪದ ಮೇಲೆ ಅವಳಿಗೆ ನೌಕರಿ ಕೊಟ್ಟರು. ಓಡಾಟ ಬೇಡ, ಹೆಣ್ಣುಮಗಳು, ನೆರಳಿನಲ್ಲಿ ಕೂತು ಮಾಡುವ ಕೆಲಸವಿರಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಅವಳನ್ನು ಒಂದು ಕುರ್ಚಿಗೆ ಹಾಕಿದರು. ಯಾವ ಕುರ್ಚಿ ಎಂದು ಕೇಳಿ. ತಕರಾರು ವಿಭಾಗದ ಫೋನಿನ ಎದುರು. ಜನರ ತಕರಾರು ಬರೆದುಕೊಳ್ಳುವುದು, ಆಯಾ ಊರಿನ ಲೈನ್‌ಮನ್‌ಗೆ ಫೋನು ಹಚ್ಚುವುದು, ಆಯಿತೇ ಆಯಿತೇ ಎಂದು ಮತ್ತೆ ಮತ್ತೆ ಕೇಳುವುದು. ಕೆಂಪು ಅಕ್ಷರ ಬರುವುದರೊಳಗೆ ಮುಗಿಸುವುದು. ಈ ಸುದ್ದಿ ತಿಳಿದ ದಿನ ನಾನು ಊಟ ಮಾಡಲಿಲ್ಲ. ಆದರೆ ಅವಳಿಗೆ ಇಬ್ಬರು ಮಕ್ಕಳು, ಬೇಡವೆನ್ನುವ ಹಾಗಿರಲಿಲ್ಲ.

ಮೊದಮೊದಲು ಅವಳಿಗೆ ನಂಬರು ಒತ್ತಲು ಆಗುತ್ತಿರಲಿಲ್ಲವಂತೆ. ಒತ್ತಿ, ಒಂದು ರಿಂಗು ಆಗುವುದರೊಳಗೆ ಇಟ್ಟುಬಿಡುತ್ತಿದ್ದಳಂತೆ. ಕೆಲಸ ನಿಧಾನ ಎಂದು ಕರೆದು ಕೇಳಿದರು. ಈಗ ರೂಢಿಯಾಗಿದೆ. ನನ್ನ ಸ್ಟೇಷನ್ನಿಗೂ ದಿನಕ್ಕೆ ಎಷ್ಟೋ ಸಲ ಅವಳ ಫೋನು ಬರುತ್ತದೆ. "ಅಣ್ಣಾರ, ನೀಲವ್ವ ಮಾತಾಡಾಕತ್ತೇನ್ರಿ" ಎಂಬ ದನಿ ಈಗ ಎಷ್ಟು ಚುರುಕು, ಎಷ್ಟು ಆಫೀಸಿನದು ಎಂದರೆ, ಕೇಳಿ ಸಂತೋಷಪಡಬೇಕೋ ಅಳಬೇಕೋ ತಿಳಿಯುವುದಿಲ್ಲ.

ಫಕೀರಪ್ಪನ ಜಾಗಕ್ಕೆ ಬಂದವನು ಅಶೋಕ ಎಂಬ ತರುಣ. ಆ ಊರುಗಳೆಲ್ಲ ಅವನಿಗೇ. ಮೊದಲ ದಿನ ನಾನು, "ಏನ್ ತಿಂದಿ?" ಎಂದೆ. "ಯಾಕ್ರಿ ಸಾಹೇಬ್ರ, ಬುತ್ತಿ ಕಳಸವ್ರೇನು?" ಎಂದ. ಎಲ್ಲ ಬಿಡಿಸಿ ಹೇಳಿದೆ. ತಲೆ ಆಡಿಸಿದ, ನಾಲ್ಕು ದಿನ ಹೇಳಿದ, ಆಮೇಲೆ ಗಡಿಬಿಡಿಯಲ್ಲಿ ಬಿಟ್ಟ. ನಾನು ಹಟ ಮಾಡಿದರೆ ಬಾಯಿಗೆ ಬಂದದ್ದು ಅನ್ನುತ್ತಾನೆ, ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ಮರೆತಿರುತ್ತಾನೆ. ನಾನು ಒತ್ತಾಯಿಸುವುದನ್ನು ಕಡಿಮೆ ಮಾಡಿದ್ದೇನೆ. ಆ ರೂಢಿ ಎಷ್ಟು ಗಟ್ಟಿಯಾಗಿತ್ತು ಎನ್ನುವುದೂ ಗೊತ್ತು, ಅದರಿಂದ ಏನೂ ಉಳಿಯಲಿಲ್ಲ ಎನ್ನುವುದೂ ಗೊತ್ತು. ಈ ಎರಡನ್ನೂ ಒಟ್ಟಿಗೆ ತಿಳಿದವನು ಇನ್ನೊಬ್ಬನಿಗೆ ಏನೆಂದು ಹೇಳಬೇಕು? ಒಂದೇ ಆಸೆ ಉಳಿದಿತ್ತು, ಅಶೋಕ ಫಕೀರಪ್ಪನ ದಾರಿ ಹಿಡಿಯಬಾರದು. ನೀಲವ್ವನಿಗೂ ಅದೇ ಆಸೆ. ಬಾಯಿ ಬಿಟ್ಟು ಆಡಿರಲಿಲ್ಲ, ಅಷ್ಟೆ.

ನಿನ್ನೆ ಮಧ್ಯಾಹ್ನ ಅವಳ ಫೋನು ಬಂತು. ದನಿ ಆಫೀಸಿನದಾಗಿರಲಿಲ್ಲ.

"ಅಣ್ಣಾರ, ಅಶೋಕ ಫೋನ್ ಎತ್ತವಲ್ಲ."

"ಎಲ್‌ಸಿ ತಗೊಂಡಾನವ್ವ. ಕಂಬದ ಮ್ಯಾಲ ಇರಬೇಕು."

"ಭಾಳ ಸಲ ಮಾಡಿದೆ. ಎತ್ತವಲ್ಲ."

"ಎತ್ತಬಾರದು. ಮ್ಯಾಲ ಇದ್ದಾಗ ಎತ್ತಲಿಲ್ಲ ಅಂದ್ರ ಚಲೋನs."

"ಚಲೋನs ಏನ್ರಿ?" ಎಂದಳು. ಸ್ವಲ್ಪ ತಡೆದು, "ಎತ್ತಾಕ ಬರಲಾರದಂಗ ಆಗಿದ್ರ?"

 ಕೆಲಸದಲ್ಲಿ ಮುಳುಗಿದವನೂ ಫೋನು ಎತ್ತುವುದಿಲ್ಲ, ಸತ್ತವನೂ ಎತ್ತುವುದಿಲ್ಲ. ಈ ಕಡೆ ಕೂತವರಿಗೆ ಎರಡೂ ಒಂದೇ ಸದ್ದು. ಇನ್ನೊಮ್ಮೆ ಮಾಡಲೇ ಬೇಡವೇ ಎಂದು ಕೇಳಿದಳು. ಬೇಡ ಎಂದೆ. ಇಬ್ಬರೂ ಫೋನು ಇಡಲಿಲ್ಲ. ಅವಳ ಉಸಿರು ನನಗೆ ಕೇಳುತ್ತಿತ್ತು.

ನನ್ನ ಇನ್ನೊಂದು ಫೋನು ಹೊಡೆಯಿತು. ಅಶೋಕ.

"ಆತ್ರಿ ಸಾಹೇಬ್ರ, ಲೈನ್ ಬಿಡ್ರಿ. ಆ ಅಕ್ಕಾರಿಗೆ ಒಂದೀಟು ಹೇಳ್ರಿ. ಮ್ಯಾಲ ಜಂಪ್ ತಂತಿ ಕಟ್ಟಾಗ ಕಿಸೇದಾಗ ಒಂದs ಸವನ ಒದ್ದಾಡಾಕತ್ತಿತ್ತು. ತಗದು ನೋಡಾಕ ಹೋಗಿ ಕೈ ಜಾರಿ ಬೀಳ್ತಿದ್ದೆ. ಬೆಲ್ಟ್ ಇತ್ತಂತ ಉಳದೇನಿ."

ನೀಲವ್ವನಿಗೆ ಅವನು ಇಳಿದ ಎಂದು ಹೇಳಿದೆ. ಅಷ್ಟೇ ಹೇಳಿ ಸುಮ್ಮನಾಗಬೇಕೆಂದಿದ್ದೆ. ಆದರೆ ನನ್ನ ಎರಡೂ ಫೋನುಗಳು ಒಂದೇ ಮೇಜಿನ ಮೇಲೆ ಇದ್ದವು, ಅಶೋಕನದು ಸ್ಪೀಕರಿನಲ್ಲಿತ್ತು, ಅವಳು ಅವನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

"ಅಣ್ಣಾರ," ಎಂದಳು, "ಅವತ್ತ ನಮ್ಮನಿಯವ್ರಿಗೂ ಈ ಕುರ್ಚಿಯಿಂದ ಫೋನ್ ಹೋಗಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. "ಹೋಗಿತ್ತವ್ವ. ಅಲ್ಲಿಂದಾನೂ ಹೋಗಿತ್ತು, ಎಲ್ಲಾ ಕಡೆಯಿಂದಾನೂ ಹೋಗಿತ್ತು."

"ಅವತ್ತ ತುತ್ತು ಮುರಿಯಾಗ ಬಂದ ಫೋನಿನ್ಯಾಗ ಹೆಣ್ಣದನಿ ಕೇಳಿತ್ತು. ಅಕಿ ಯಾರಂತ ನನಗ ಗೊತ್ತಿಲ್ರಿ. ಇಷ್ಟ ವರ್ಷ ದಿನಾ ಮುಂಜಾನೆ ದೀಪ ಹಚ್ಚಾಗ ಅಕೀಗೆ ಶಾಪ ಹಾಕೇನಿ. ಅಕಿ ಕೈ ಸೇದಿ ಹೋಗ್ಲಿ ಅಂದೇನಿ."

 ಅವಳ ಮೇಜಿನ ಮೇಲಿನ ತಕರಾರಿನ ಫೋನು ಹೊಡೆಯತೊಡಗಿತು. ನಿಲ್ಲುತ್ತದೆಯೇನೋ ಎಂದು ಇಬ್ಬರೂ ಕಾದೆವು. ನಿಲ್ಲಲಿಲ್ಲ. "ತಡೀರಿ ಅಣ್ಣಾರ" ಎಂದು ನನ್ನ ಫೋನನ್ನು ಪಕ್ಕಕ್ಕಿಟ್ಟಳು. ಮೂಗು ಒರೆಸಿಕೊಂಡದ್ದು ಕೇಳಿತು. ಆಮೇಲೆ ಅವಳ ಚುರುಕು ದನಿ ಕೇಳಿತು.

"ಹೇಳ್ರಿ... ಯಾವ ಊರು?... ಹೌದ್ರಿ, ಅಶೋಕನ ಕಡೇನ ಬರ್ತೈತಿ ಅದು. ಬೈಬ್ಯಾಡ್ರಿ, ಯಜಮಾನ್ರ. ಈಗ ಫೋನ್ ಮಾಡ್ತೇನಿ. ಎತ್ತೂತನಕ ಮಾಡ್ತೇನಿ."